ಹೀಟರ್ ತಣ್ಣಗಾಯ್ತು ಅಂದ್ರೆ ಗಾಡಿ ನಿಲ್ಲಿಸ್ಬೇಕು: 1973ರ ಒಂದು ಟ್ರಯಂಫ್ ಸ್ಟ್ಯಾಗ್‌ನ ಕೂಲಿಂಗ್ ಪ್ರಕರಣ

ಗಾಡಿ 1973ರ ಟ್ರಯಂಫ್ ಸ್ಟ್ಯಾಗ್, ಬ್ರಿಟನ್ನಿನ ಟ್ರಯಂಫ್ ಕಂಪನಿಯ ಹಳೇ ಕಾರು. ಒರಿಜಿನಲ್ 3 ಲೀಟರ್ ವಿ8 ಇಂಜಿನ್ನೇ ಇದೆ, ಮ್ಯಾನುಯಲ್ ಗೇರು, ಜೊತೆಗೆ ಓವರ್‌ಡ್ರೈವ್, ಅಂದ್ರೆ ವೇಗದಲ್ಲಿ ಹೋಗುವಾಗ ಇಂಜಿನ್ ನಿಧಾನಕ್ಕೆ ತಿರುಗೋಕೆ ಬಿಡೋ ಹೆಚ್ಚುವರಿ ಗೇರು. ಮಾಲೀಕ ನನ್ನ ಸ್ನೇಹಿತ, ಇಬ್ರೂ ಕೆಲಸಕ್ಕೆ ಅಂತ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಬಂದು ನೆಲೆಯಾದ ಕನ್ನಡದವ್ರು, ಈ ಕಾರು ತಯಾರಾದ ಕವೆಂಟ್ರಿಗೆ ಹತ್ರಾನೇ ಇದೀವಿ. ಅವನ ಕಂಪ್ಲೇಂಟು ಹೀಗಿತ್ತು: ಊರೊಳಗೆ ಓಡಾಡುವಾಗ ಟೆಂಪರೇಚರ್ ಮುಳ್ಳು ಅರ್ಧದಲ್ಲಿ ಸುಮ್ಮನೆ ಇರತ್ತೆ, ಟ್ರಾಫಿಕ್ಕಲ್ಲಿ ನಿಂತ್ರೂ ಏನಾಗಲ್ಲ, ಆದ್ರೆ ಮೋಟರ್‌ವೇ ಹತ್ತಿ 70 ಮೈಲಿ ವೇಗದಲ್ಲಿ ಸ್ವಲ್ಪ ಹೊತ್ತು ಎಳೆದ್ರೆ ನಿಧಾನಕ್ಕೆ ಏರೋಕೆ ಶುರು ಮಾಡತ್ತೆ, ವೇಗ ಇಳಿಸಿದ್ರೆ ಅದೂ ಇಳಿಯತ್ತೆ. ಕೊನೆಗೆ ಬೇಸಿಗೇಲಿ ಒಂದಿನ ಹೀಗೇ ಏರಿತ್ತು, ಇವನು ಹಳೇ ಗಾಡಿಯವ್ರೆಲ್ಲ ಮಾಡೋ ಹಾಗೆ ಹೀಟರ್ ಫುಲ್ ತಿರುಗಿಸಿ ಗ್ಲಾಸ್ ಇಳಿಸ್ಕೊಂಡು ಹೋಗ್ತಿದ್ದ, ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗೇ ಕೆಳಗೆ ಬಂತು, ಅದೇ ಹೊತ್ತಲ್ಲಿ ಹೀಟರ್‌ನಿಂದ ತಣ್ಣನೆ ಗಾಳಿ ಬರೋಕೆ ಶುರುವಾಯ್ತು. ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡ್ದ, ಬಾನೆಟ್ ಕೆಳಗಿಂದ ಬುಸ್ ಅಂತ ಆವಿ.

ಅವನು ಅಲ್ಲಿ ನಿಲ್ಲಿಸಿದ್ದೇ ಇಂಜಿನ್ ಉಳಿಯೋಕೆ ಕಾರಣ. ಸ್ಟ್ಯಾಗ್ ಇಟ್ಕೊಂಡಿರೋರು ಈ ಒಂದು ವಿಷ್ಯ ಮೊದಲು ಅರ್ಥ ಮಾಡ್ಕೊಬೇಕು. ಗೇಜಿನ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ನೀರಿನ ಬಿಸಿ ಸರಿಯಾಗಿ ಹೇಳತ್ತೆ, ಸುತ್ತ ನೀರೇ ಇಲ್ಲ ಅಂದ್ರೆ ಅದು ತೋರಿಸೋ ಲೆಕ್ಕಕ್ಕೆ ಅರ್ಥ ಇಲ್ಲ, ಒಳಗೆ ಹೆಡ್ಡು (ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರೋ ಭಾಗ) ಕಾದು ಕೆಂಡ ಆಗ್ತಿದ್ರೂ ಮುಳ್ಳು ಇಳೀಬಹುದು. ಹೀಟರ್ ಮಾತ್ರ ಸುಳ್ಳು ಹೇಳಲ್ಲ, ಯಾಕಂದ್ರೆ ಅದಕ್ಕೆ ಬಿಸಿ ಬರೋದು ಪಂಪು ತಳ್ಳೋ ನೀರಿಂದ. ಪಂಪು ನೀರು ತಳ್ಳೋದು ನಿಂತ್ರೆ ಹೀಟರ್ ತಣ್ಣಗಾಗತ್ತೆ. ಹಂಗಾಗಿ ಮುಳ್ಳು ಇಳೀತು, ಹೀಟರ್ ತಣ್ಣಗಾಯ್ತು, ಈ ಎರಡೂ ಒಟ್ಟಿಗೆ ಆಯ್ತು ಅಂದ್ರೆ ಖುಷಿ ಪಡೋ ಹಾಗಿಲ್ಲ, ಆ ಕ್ಷಣಕ್ಕೆ ಇಂಜಿನ್ ಆಫ್ ಆಗ್ಬೇಕು, ಮುಂದಿನ ಎಕ್ಸಿಟ್‌ವರೆಗೂ ಹೋಗೋಣ ಅನ್ನೋದು ಬೇಡ.

ಇದು ಯಾಕೆ ಸ್ಟ್ಯಾಗ್‌ನಲ್ಲಿ ಇಷ್ಟು ಮುಖ್ಯ ಅಂತ ಹೇಳೋಕೆ ಇಂಜಿನ್ ಕಥೆ ಸ್ವಲ್ಪ ಹೇಳ್ಬೇಕು. ಸ್ಟ್ಯಾಗ್ ಮಾರ್ಕೆಟ್ಟಿಗೆ ಬಂದಿದ್ದು 1970ರಲ್ಲಿ, ನಿಂತಿದ್ದು 1977ರಲ್ಲಿ, ಒಟ್ಟು 26 ಸಾವಿರದ ಹತ್ತಿರ ಗಾಡಿ ಆಚೆ ಬಂದ್ವು. ಡಿಸೈನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿದು, ಇವತ್ತಿಗೂ ರೋಡಲ್ಲಿ ಹೋದ್ರೆ ಜನ ತಿರುಗಿ ನೋಡ್ತಾರೆ. ಟ್ರಯಂಫ್‌ನವ್ರು ಆಗ ಒಂದು ಇಂಜಿನ್ ಕುಟುಂಬಾನೇ ಪ್ಲ್ಯಾನ್ ಮಾಡಿದ್ರು: 45 ಡಿಗ್ರಿ ಓರೆಯಾಗಿ ಮಲಗಿರೋ ನಾಲ್ಕು ಸಿಲಿಂಡರಿನದು ಒಂದು, ಅಂಥ ಎರಡನ್ನ ಸೇರಿಸಿದ ಹಾಗಿರೋ 90 ಡಿಗ್ರಿ ವಿ8 ಇನ್ನೊಂದು. ಆ ಓರೆ ಇಂಜಿನ್ನೇ ಸ್ವೀಡನ್ನಿನ ಸಾಬ್ 99ಗೂ ಹೋಯ್ತು. ವಿ8 ಶುರುವಲ್ಲಿ 2.5 ಲೀಟರ್ ಅಂತ ಯೋಚ್ನೆ ಇತ್ತು, ಆಮೇಲೆ ಬೋರ್ ದೊಡ್ಡದು ಮಾಡಿ 2997 ಸಿಸಿಗೆ ತಂದು, ಫ್ಯೂಯಲ್ ಇಂಜೆಕ್ಷನ್ ಬಿಟ್ಟು ಎರಡು ಸ್ಟ್ರಾಂಬರ್ಗ್ ಕಾರ್ಬೊರೇಟರ್ ಕೂರಿಸಿದ್ರು, 145 ಹಾರ್ಸ್‌ಪವರ್. ಅದೇ ಕಂಪನಿ ಗುಂಪಿನೊಳಗೇ ರೋವರ್‌ನ ಪೂರ್ತಿ ಅಲ್ಯುಮಿನಿಯಂ ವಿ8 ಸಿಗ್ತಿತ್ತು, ಆದ್ರೂ ಟ್ರಯಂಫ್ ತನ್ನದೇ ಇಂಜಿನ್ ಹಾಕ್ತು.

ಓರೆ ಇಂಜಿನ್‌ನಲ್ಲಿ ವಾಟರ್ ಪಂಪು ಬ್ಲಾಕಿನ (ಸಿಲಿಂಡರುಗಳಿರೋ ದೊಡ್ಡ ಎರಕದ) ಮೇಲ್ಗಡೆ ಕೂತಿತ್ತು. ಅದೇ ಜಾಗ ವಿ8ಗೆ ಬಂದಾಗ ವಿ ಆಕಾರದಲ್ಲಿರೋ ಎರಡು ಸಿಲಿಂಡರ್ ಸಾಲಿನ ನಡುವಿನ ಕಣಿವೆ ಆಯ್ತು, ಅಂದ್ರೆ ಪಂಪು ಇಂಜಿನ್ನಿನ ಎತ್ತರದ ಜಾಗದಲ್ಲಿ, ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹಂಚೋ ಇನ್‌ಲೆಟ್ ಮ್ಯಾನಿಫೋಲ್ಡ್ ಕೆಳಗೆ ಅಡಗಿದೆ. ಅದನ್ನ ತಿರುಗಿಸೋದು ಫ್ಯಾನ್ ಬೆಲ್ಟ್ ಅಲ್ಲ, ಇಂಜಿನ್ ಒಳಗೇ ತಿರುಗೋ ಜ್ಯಾಕ್‌ಶಾಫ್ಟ್ ಅನ್ನೋ ಸಹಾಯಕ ದಂಡ, ಹಲ್ಲಿನ ಗೇರಿನ ಮೂಲಕ. ಮಾಮೂಲಿ ಕಾರುಗಳಲ್ಲಿ ಪಂಪು ಇಂಜಿನ್ ಮುಂದೆ ಸ್ವಲ್ಪ ಕೆಳಗೆ ಇರತ್ತೆ, ಅರ್ಧ ಲೀಟರೋ ಒಂದು ಲೀಟರೋ ನೀರು ಕಮ್ಮಿ ಆದ್ರೂ ಅದಕ್ಕೆ ನೀರು ಸಿಗ್ತಾನೇ ಇರತ್ತೆ. ಸ್ಟ್ಯಾಗ್‌ನಲ್ಲಿ ನೀರಿನ ಮಟ್ಟ ಇಳಿದ್ರೆ ಮೊದಲು ಬರಿದಾಗೋದೇ ಪಂಪು. ಗಾಳಿ ಸೇರ್ಕೊಳ್ಳತ್ತೆ, ತೋಟದ ಮೋಟ್ರು ಡ್ರೈ ರನ್ ಆದ ಹಾಗೆ ಸುಮ್ಮನೆ ತಿರುಗತ್ತೆ, ನೀರು ಹರಿಯಲ್ಲ, ಹರಿಯದೇ ಇದ್ದಾಗ ಹಿಂದಿನ ಸಿಲಿಂಡರುಗಳ ಹತ್ರ ನೀರು ಕುದ್ದು ಆವಿ ಆಗತ್ತೆ, ಆವಿ ಇನ್ನಷ್ಟು ನೀರನ್ನ ಹೊರಗೆ ದಬ್ಬತ್ತೆ, ಮಟ್ಟ ಇನ್ನೂ ಇಳಿಯತ್ತೆ. ಹಿಂಗೆ ಒಂದಕ್ಕೊಂದು ಸೇರ್ಕೊಂಡು ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು, ಅಂದ್ರೆ ಹೆಡ್ ಗ್ಯಾಸ್ಕೆಟ್, ಹೋಗತ್ತೆ, ಹೆಡ್ಡು ಬಾಗತ್ತೆ. ಸ್ಟ್ಯಾಗ್ ಇಂಜಿನ್ ಕೆಟ್ಟದ್ದು ಅಂತ ಬೈಯೋರು ನೋಡಿರೋದು ಈ ಕೊನೇ ಸೀನನ್ನ. ಶುರು ಎಲ್ಲಾಯ್ತು ಅಂತ ನೋಡಿದ್ರೆ ಸಾಮಾನ್ಯವಾಗಿ ಎಲ್ಲೋ ಒಂದು ಹೋಸು ಒಸರ್ತಿರತ್ತೆ, ಯಾರೂ ನೋಡಿರಲ್ಲ.

ಎರಡನೇ ವಿಷ್ಯ ಲೋಹದ್ದು. ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ, ಮಧ್ಯ ನೀರು. ನೀರಲ್ಲಿ ತುಕ್ಕು ತಡೆಯೋ ಕೆಮಿಕಲ್ ಇಲ್ಲ ಅಂದ್ರೆ ಈ ಎರಡು ಲೋಹ ಸೇರಿ ಬ್ಯಾಟರಿ ಥರ ಕೆಲಸ ಮಾಡತ್ತೆ, ಅಲ್ಯುಮಿನಿಯಂ ಕರಗ್ತಾ ಹೋಗತ್ತೆ, ಕರಗಿದ್ದು ಹೋಗಿ ರೇಡಿಯೇಟರಿನ ಸಣ್ಣ ಟ್ಯೂಬುಗಳಲ್ಲಿ ಕೂತ್ಕೊಳ್ಳತ್ತೆ. ಇಲ್ಲಿ ನಮ್ಮ ಕಡೆಯವ್ರು ಒಂದು ಅಭ್ಯಾಸ ಮರೀಬೇಕು. ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವಾಗ ಅಂಬಾಸಿಡರ್ ಟ್ಯಾಕ್ಸಿಗಳು ನಿಂತು ರೇಡಿಯೇಟರಿಗೆ ಝರಿ ನೀರೋ ಬಾಟ್ಲಿ ನೀರೋ ಸುರ್ಕೊಂಡು ಮತ್ತೆ ಹೊರಡ್ತಿದ್ದಿದ್ದು ನಾವೆಲ್ಲ ನೋಡಿದ್ದೇ, ಆ ಹಳೇ ಅಂಬಾಸಿಡರ್ ಇಂಜಿನ್ನಿನ ಬ್ಲಾಕೂ ಕಬ್ಬಿಣ ಹೆಡ್ಡೂ ಕಬ್ಬಿಣ, ಸಾದಾ ನೀರು ಕುಡಿದು ಒಳಗೆ ತುಕ್ಕು ಹಿಡಿದ್ರೂ ವರ್ಷಗಟ್ಟಲೆ ತಡ್ಕೊಳ್ತಿತ್ತು. ಸ್ಟ್ಯಾಗ್ ತಡ್ಕೊಳ್ಳಲ್ಲ. ಹಿಮ ಬೀಳಲಿ ಬಿಡ್ಲಿ, ವರ್ಷ ಪೂರ್ತಿ ಅದರಲ್ಲಿ ಇನ್ಹಿಬಿಟರ್ (ಆ ತುಕ್ಕು ತಡೆಯೋ ಕೆಮಿಕಲ್) ಇರೋ ಕೂಲೆಂಟೇ ಇರ್ಬೇಕು. 1970ರ ದಶಕದಲ್ಲಿ ಬೇಸಿಗೆ ಬಂತು ಅಂತ ಆಂಟಿಫ್ರೀಜ್ ಬಸಿದು ನೀರು ತುಂಬಿಸೋ ಪದ್ಧತಿ ಇಲ್ಲೂ ಇತ್ತು, ಎಷ್ಟೋ ಸ್ಟ್ಯಾಗ್‌ಗಳ ಆಯಸ್ಸು ಹಾಗೇ ಮುಗೀತು. ಇದರ ಮೇಲೆ, ಬ್ಲಾಕ್ ಎರಕ ಹೊಯ್ಯುವಾಗ ಬಳಸಿದ ಮರಳು ಕೆಲವು ಇಂಜಿನ್ನುಗಳಲ್ಲಿ ಪೂರ್ತಿ ಕ್ಲೀನ್ ಆಗದೆ ಒಳಗೇ ಉಳಿದಿತ್ತು ಅನ್ನೋದು ಇಂಜಿನ್ ಬಿಚ್ಚಿ ಕಟ್ಟೋರಿಗೆಲ್ಲ ಗೊತ್ತಿರೋ ಮಾತು.

ಈಗ ನಮ್ಮ ಗಾಡಿಗೆ ಬರ್ತೀನಿ. ವೇಗದಲ್ಲಿ ಮಾತ್ರ ಬಿಸಿ ಆಗತ್ತೆ ಅನ್ನೋದೇ ಅರ್ಧ ಉತ್ತರ. ಟ್ರಾಫಿಕ್ಕಲ್ಲಿ ನಿಂತಾಗ ಬಿಸಿ ಆಗಿ ಓಡಿದಾಗ ತಣ್ಣಗಾದ್ರೆ ಗಾಳಿಯ ಸಮಸ್ಯೆ, ಫ್ಯಾನನ್ನ ಇಂಜಿನ್ನಿಗೆ ಜೋಡಿಸೋ ವಿಸ್ಕಸ್ ಕಪ್ಲಿಂಗ್ ಸೋತಿರತ್ತೆ ಇಲ್ಲಾ ರೇಡಿಯೇಟರ್ ಸುತ್ತ ಇರೋ ಮುಚ್ಚಿಗೆ ಹೋಗಿರತ್ತೆ. ಇದು ಉಲ್ಟಾ. 70 ಮೈಲಿ ವೇಗದಲ್ಲಿ ಗಾಳಿ ಬೇಕಾದಷ್ಟು ಇದೆ, ಫ್ಯಾನಿಗೆ ಕೆಲಸಾನೇ ಇಲ್ಲ, ಆದ್ರೂ ಬಿಸಿ ಏರ್ತಿದೆ ಅಂದ್ರೆ ಇಂಜಿನ್ ಹುಟ್ಟಿಸೋ ಶಾಖವನ್ನ ಹೊತ್ಕೊಂಡು ಹೋಗೋಷ್ಟು ನೀರು ರೇಡಿಯೇಟರ್ ಒಳಗೆ ಹರೀತಿಲ್ಲ. ಎಲ್ಲರೂ ಮೊದಲು ಕೊಡೋ ಸಲಹೆ ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿ ಅಂತ, ಇವನಿಗೂ ಹೇಳಿದ್ರು, ಇಂಥ ಕೇಸಲ್ಲಿ ಅದರಿಂದ ಏನೂ ಆಗಲ್ಲ.

ಆದ್ರೂ ಹೆಡ್ ಗ್ಯಾಸ್ಕೆಟ್ ಹೋಗಿಲ್ಲ ಅಂತ ಖಾತ್ರಿ ಆಗೋವರೆಗೂ ಬೇರೆ ಯಾವುದಕ್ಕೂ ಕೈ ಹಾಕ್ಬಾರದು ಅನ್ನೋದು ನನ್ನ ನಿಯಮ. ಇಂಜಿನ್ ಪೂರ್ತಿ ಆರಿದ ಮೇಲೆ ನಿಧಾನಕ್ಕೆ ತುಂಬಿಸಿ ಸ್ಟಾರ್ಟ್ ಮಾಡಿದ್ವಿ. ಆಯಿಲ್ ಕಡ್ಡೀಲಿ, ಫಿಲ್ಲರ್ ಮುಚ್ಚಳದಲ್ಲಿ ಹಾಲುಬಣ್ಣದ ನೊರೆ ಇಲ್ಲ. ಎಂಟೂ ಸಿಲಿಂಡರಿನ ಕಂಪ್ರೆಶನ್ ಒಂದಕ್ಕೊಂದು ಹತ್ತಿರಾನೇ ಬಂತು, ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕಮ್ಮಿ ತೋರಿಸಿದ್ರೆ ಮಾತ್ರ ಗ್ಯಾಸ್ಕೆಟ್ ಮೇಲೆ ಅನುಮಾನ ಪಡ್ಬೇಕಿತ್ತು. ಆಮೇಲೆ ನೀಲಿ ದ್ರವದ ಬ್ಲಾಕ್ ಟೆಸ್ಟು, ಕೂಲೆಂಟ್ ಮೇಲಿನ ಗಾಳಿಯನ್ನ ಆ ದ್ರವದ ಮೂಲಕ ಎಳೆದಾಗ ಅದರಲ್ಲಿ ಎಕ್ಸಾಸ್ಟ್ ಗ್ಯಾಸ್ ಇದ್ರೆ ನೀಲಿ ಹೋಗಿ ಹಳದಿ ಆಗತ್ತೆ, ಇಲ್ಲಿ ನೀಲಿ ನೀಲಿಯಾಗೇ ಉಳೀತು. ಇಗ್ನಿಶನ್ ಟೈಮಿಂಗ್ ಲೇಟಾಗಿದ್ರೂ, ಮಿಕ್ಸ್ಚರ್ ತೆಳುವಾಗಿದ್ರೂ ಇಂಜಿನ್ ಬಿಸಿ ಆಗತ್ತೆ, ಅವೆರಡೂ ನೋಡಿದ್ವಿ, ಸರಿ ಇದ್ವು.

ಗ್ಯಾಸ್ಕೆಟ್ ಉಳಿದಿದೆ ಅಂತ ಗೊತ್ತಾದಾಗ ಆದ ಸಮಾಧಾನ ಸಣ್ಣದಲ್ಲ, ಯಾಕಂದ್ರೆ ಈ ಇಂಜಿನ್ನಿನ ಹೆಡ್ ಬಿಚ್ಚೋದು ಅಷ್ಟು ಸುಲಭದ ಕೆಲಸ ಅಲ್ಲ. ಹೆಡ್ಡನ್ನ ಹಿಡಿದಿರೋದು ಒಂದು ಸಾಲು ಬೋಲ್ಟು, ಇನ್ನೊಂದು ಸಾಲು ಸ್ಟಡ್ಡು (ಬ್ಲಾಕಿಗೆ ಕೂರಿಸಿ ಮೇಲಿಂದ ನಟ್ ಹಾಕೋ ಕಡ್ಡಿ), ಎರಡೂ ಬೇರೆ ಬೇರೆ ಕೋನದಲ್ಲಿ ಇಳಿದಿವೆ. ಸ್ಟಡ್ಡು ಉಕ್ಕಿಂದು, ಅದು ಅಲ್ಯುಮಿನಿಯಂ ಹೆಡ್ ಒಳಗೆ ವರ್ಷಗಟ್ಟಲೆ ಕೂತು ತುಕ್ಕಿನಿಂದ ಬೆಸುಗೆ ಹಾಕಿದಷ್ಟು ಗಟ್ಟಿಯಾಗಿ ಹಿಡ್ಕೊಂಡಿರತ್ತೆ. ಪಳಗಿದೋರೂ ದಿನಗಟ್ಟಲೆ ಒದ್ದಾಡ್ತಾರೆ, ಸ್ಟಡ್ ತೆಗೆಯೋಕೆ ಹೋಗಿ ಹೆಡ್ಡೇ ಹಾಳಾಗಿದ್ದೂ ಇದೆ. ಅದಕ್ಕೇ ಹೇಳೋದು, ಸ್ಟ್ಯಾಗ್ ಬಿಸಿ ಆಯ್ತು ಅಂದ ತಕ್ಷಣ ಸ್ಪ್ಯಾನರ್ ಹಿಡ್ಕೊಂಡು ಹೆಡ್ಡಿಗೆ ಹೋಗ್ಬೇಡಿ, ಟೆಸ್ಟ್ ಮಾಡಿ, ಟೆಸ್ಟ್ ಏನು ಹೇಳತ್ತೋ ಅದನ್ನ ನಂಬಿ.

ಮುಂದೆ ಪ್ರೆಶರ್ ಟೆಸ್ಟು. ಇಂಜಿನ್ ತಣ್ಣಗಿರುವಾಗ ಕೂಲಿಂಗ್ ಸಿಸ್ಟಮ್ಮಿನ ಮುಚ್ಚಳದ ಜಾಗಕ್ಕೆ ಗೇಜ್ ಇರೋ ಕೈಪಂಪು ಹಚ್ಚಿ, ಮುಚ್ಚಳದ ಮೇಲೆ ಬರೆದಿರೋ ಒತ್ತಡದವರೆಗೂ ಪಂಪ್ ಮಾಡಿ ಬಿಟ್ಟು ನೋಡೋದು. ಆ ಗೇಜಿನ ಮುಳ್ಳು ನಿಧಾನಕ್ಕೆ ಇಳೀತಾ ಹೋಯ್ತು, ಎಲ್ಲೂ ತೊಟ್ಟು ಕಾಣಲ್ಲ. ಟಾರ್ಚ್ ಹಾಕ್ಕೊಂಡು ಹುಡುಕಿದಾಗ ಇಂಜಿನ್ ಹಿಂಭಾಗದಲ್ಲಿ ಹೀಟರ್ ಹೋಸಿನ ಕ್ಲಿಪ್ಪಿನ ಹತ್ರ ಒದ್ದೆ ಸಿಕ್ತು. ಇಂಜಿನ್ ಬಿಸಿ ಇದ್ದಾಗ ಅಲ್ಲಿ ಬರೋ ನೀರು ಅಲ್ಲೇ ಆರಿಹೋಗ್ತಿತ್ತು, ಹಂಗಾಗಿ ಗ್ಯಾರೇಜ್ ನೆಲದ ಮೇಲೆ ಒಂದು ಹನೀನೂ ಬೀಳ್ತಿರ್ಲಿಲ್ಲ, ಕ್ಲಿಪ್ಪಿನ ಸುತ್ತ ಬಿಳಿ ಪುಡಿ ಮಾತ್ರ ಗುರುತಿಗೆ ಉಳಿದಿತ್ತು. ಒಸರೋದು ಎಷ್ಟೇ ಸಣ್ಣದಿದ್ರೂ ಸಿಸ್ಟಮ್ ಒತ್ತಡ ಹಿಡಿಯಲ್ಲ, ಒತ್ತಡ ಇಲ್ಲ ಅಂದ್ರೆ ನೀರು ಬೇಗ ಕುದಿಯತ್ತೆ. ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡಕ್ಕೆ ಕುದಿಯೋ ಬಿಂದು ಹೆಚ್ಚುಕಮ್ಮಿ 1.5 ಡಿಗ್ರಿ ಸೆಲ್ಸಿಯಸ್ ಏರತ್ತೆ, ಮುಚ್ಚಳದ ರಬ್ಬರ್ ವಾಷರ್ ಸವೆದ್ರೂ, ಕ್ಲಿಪ್ ಸಡಿಲ ಆದ್ರೂ ನಾವು ಕಳ್ಕೊಳ್ಳೋದು ಆ ಡಿಗ್ರಿಗಳನ್ನೇ.

ರೇಡಿಯೇಟರನ್ನ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡಿದ್ವಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆದ ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವು) ತೆರೆದ ಮೇಲೆ ರೇಡಿಯೇಟರ್ ಮೈಮೇಲೆ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಮನಾಗಿ ಇಳೀಬೇಕು. ಇಲ್ಲಿ ಮಧ್ಯದಲ್ಲಿ ಅಗಲವಾದ ಒಂದು ಭಾಗ ಕೈ ಇಟ್ಟು ನೋಡೋಷ್ಟು ತಣ್ಣಗಿತ್ತು, ಅಂದ್ರೆ ಆ ಟ್ಯೂಬುಗಳು ಮುಚ್ಚಿಹೋಗಿವೆ. ಊರೊಳಗೆ ಇಂಜಿನ್ನಿಗೆ ಕೆಲಸ ಕಮ್ಮಿ, ಉಳಿದ ಟ್ಯೂಬು ಸಾಕಾಗ್ತಿತ್ತು. ಮೋಟರ್‌ವೇನಲ್ಲಿ ಸಾಕಾಗ್ಲಿಲ್ಲ. ಮುಚ್ಚಿದ ರೇಡಿಯೇಟರಿಂದ ಬಿಸಿ, ಬಿಸಿಯಿಂದ ಒತ್ತಡ, ಒತ್ತಡದಿಂದ ಸಡಿಲ ಕ್ಲಿಪ್ಪಲ್ಲಿ ಒಸರೋದು, ಒಸರಿ ಒಸರಿ ಮಟ್ಟ ಇಳಿದು ಕೊನೆಗೆ ಪಂಪಿಗೆ ಗಾಳಿ. ಪ್ರಕರಣ ಇಷ್ಟೇ, ಆದ್ರೆ ಇದರಲ್ಲಿ ಒಂದನ್ನ ಮಾತ್ರ ರಿಪೇರಿ ಮಾಡಿ ಬಿಟ್ಟಿದ್ರೆ ಮತ್ತೆ ಅದೇ ಜಾಗಕ್ಕೆ ಬರ್ತಿತ್ತು.

ಬಸಿಯೋಕೆ ಶುರು ಮಾಡಿದಾಗ ರೇಡಿಯೇಟರಿಂದ ಬಂದಿದ್ದು ಟೀ ಬಣ್ಣದ ನೀರು, ಕೂಲೆಂಟಿನ ನೀಲಿ ಎಲ್ಲೂ ಇಲ್ಲ. ಕಮ್ಮಿ ಆದಾಗೆಲ್ಲ ನಲ್ಲಿ ನೀರು ಹಾಕ್ತಾ ಹಾಕ್ತಾ ಹಿಂದಿನ ಮಾಲೀಕರ ಕಾಲದಿಂದ್ಲೇ ಅದು ನೀರೇ ಆಗ್ಬಿಟ್ಟಿತ್ತು. ಬ್ಲಾಕಿನ ಎರಡೂ ಕಡೆ ಇರೋ ಡ್ರೈನ್ ಪ್ಲಗ್ ತೆಗೆದ್ರೆ ಏನೂ ಬರಲಿಲ್ಲ. ಬಹಳ ಜನ ಇಲ್ಲಿಗೆ ನಿಲ್ಲಿಸ್ತಾರೆ, ರೇಡಿಯೇಟರ್ ಖಾಲಿ ಆಯ್ತಲ್ಲ ಅಂತ, ಆದ್ರೆ ಬ್ಲಾಕ್ ಒಳಗೆ ಲೀಟರ್‌ಗಟ್ಟಲೆ ಹಳೇ ನೀರು ನಿಂತಿರತ್ತೆ, ಕೆಸರೆಲ್ಲ ಕೂತಿರೋದೂ ಅಲ್ಲೇ, ಸಿಲಿಂಡರುಗಳ ಬುಡದಲ್ಲಿ. ಗಟ್ಟಿ ತಂತಿ ಹಾಕಿ ತಿವಿದಾಗ ಮೊದಲು ಕಂದು ಕೆಸರು, ಆಮೇಲೆ ಹರಳು ಹರಳಾಗಿ ತುಕ್ಕು, ಆಮೇಲೆ ಒಂದೇ ಸಲ ನೀರು ನುಗ್ಗಿ ಬಂತು. ಪೈಪಿನಿಂದ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಮಧ್ಯೆ ಮಧ್ಯೆ ತಂತಿ ಹಾಕಿ ಕಲಕಿ, ತಿಳಿನೀರು ಬರೋವರೆಗೂ ತೊಳೆದ್ವಿ. ಜೋರಾದ ಆಸಿಡ್ ಹಾಕ್ಬೇಡಿ, ಕಬ್ಬಿಣದ ತುಕ್ಕನ್ನ ತಿನ್ನೋ ಆಸಿಡ್ ಅಲ್ಯುಮಿನಿಯಂ ಹೆಡ್ಡನ್ನೂ ತಿನ್ನತ್ತೆ. ಇನ್ನೊಂದು ಮಾತು, ಹಳೇ ಕೂಲೆಂಟನ್ನ ಬಟ್ಟಲಲ್ಲಿ ತೆರೆದು ಇಡ್ಬೇಡಿ, ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಜೀವಕ್ಕೇ ಅಪಾಯ, ಚರಂಡಿಗೂ ಸುರೀಬಾರದು.

ರೇಡಿಯೇಟರನ್ನ ತೊಳೆದು ನೋಡೋಣ ಅಂತ ಸ್ನೇಹಿತನ ಆಸೆ, ನಾನು ಬೇಡ ಅಂದೆ. ಇಷ್ಟು ಮುಚ್ಚಿರೋ ಹಿತ್ತಾಳೆ ತಾಮ್ರದ ರೇಡಿಯೇಟರ್ ತೊಳೆದ್ರೆ ಸುಲಭವಾಗಿ ಹರಿಯೋ ಟ್ಯೂಬುಗಳೇ ಇನ್ನಷ್ಟು ಕ್ಲೀನ್ ಆಗತ್ತೆ, ಮುಚ್ಚಿರೋದು ಮುಚ್ಚೇ ಇರತ್ತೆ. ಹಳೇ ಟ್ಯಾಂಕುಗಳನ್ನ ಉಳಿಸಿಕೊಂಡು ಹೊಸ ಕೋರ್, ಅಂದ್ರೆ ಟ್ಯೂಬುಗಳಿರೋ ಮಧ್ಯದ ಭಾಗ, ಹಾಕ್ಸಿದ್ವಿ, ಖರ್ಚು ಆಯ್ತು, ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೆಲೆ ಬಾಳಿದ ಖರ್ಚು ಅದೇ.

ಪಂಪು ಹೊರಗೆ ತೆಗೀಬೇಕಾ ಅಂತ ಸ್ವಲ್ಪ ಚರ್ಚೆ ಆಯ್ತು. ಕಾರ್ಬೊರೇಟರ್, ಇನ್‌ಲೆಟ್ ಮ್ಯಾನಿಫೋಲ್ಡ್ ಎಲ್ಲ ಎತ್ತಿದ್ರೆ ಮಾತ್ರ ಅದು ಕಾಣೋದು. ಆದ್ರೆ ಆ ಮ್ಯಾನಿಫೋಲ್ಡ್ ಒಳಗೂ ನೀರಿನ ದಾರಿ ಇದೆ, ಅದೂ ಅಲ್ಯುಮಿನಿಯಂ, ಅಲ್ಲಿನ ಗ್ಯಾಸ್ಕೆಟ್ ಮುಖಗಳು ಎಷ್ಟು ಕೊರೆದಿವೆ ಅಂತ ನೋಡೋಕೂ ಇದೇ ಅವಕಾಶ, ಹಂಗಾಗಿ ತೆಗೆದ್ವಿ. ಪಂಪೊಳಗೆ ತಿರುಗಿ ನೀರು ತಳ್ಳೋ ಇಂಪೆಲ್ಲರ್‌ನ ರೆಕ್ಕೆಗಳು ಸವೆದು ಅಂಚು ದುಂಡಗಾಗಿತ್ತು, ಸೀಲು ಇನ್ನೂ ಹಿಡಿದಿತ್ತು ಆದ್ರೆ ಒಣಗಿ ಓಡಿದ ಸೀಲನ್ನ ನಂಬೋ ಹಾಗಿಲ್ಲ. ರೀಕಂಡಿಶನ್ ಪಂಪು ಹಾಕಿದ್ವಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಇಂಪೆಲ್ಲರ್‌ಗೂ ಅದರ ಕವರ್‌ಗೂ ನಡುವಿನ ಸಂದನ್ನ ಗ್ಯಾಸ್ಕೆಟ್ ದಪ್ಪದಿಂದ ಹೊಂದಿಸ್ಬೇಕು, ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಅಳತೆ ಇದೆ. ಸಂದು ಜಾಸ್ತಿ ಆದ್ರೆ ಹೊಸ ಪಂಪೂ ನೀರನ್ನ ಸರಿಯಾಗಿ ತಳ್ಳಲ್ಲ, ಕಮ್ಮಿ ಆದ್ರೆ ರೆಕ್ಕೆ ಉಜ್ಜತ್ತೆ. ಸಿಕ್ಕಿದ ಗ್ಯಾಸ್ಕೆಟ್ ಹಾಕಿ ಮುಚ್ಚೋರು ಬಹಳ, ಆಮೇಲೆ ಹೊಸ ಪಂಪು ಹಾಕಿದ್ರೂ ಬಿಸಿ ಆಗ್ತಿದೆ ಅಂತಾರೆ.

ಹೋಸುಗಳು, ಕ್ಲಿಪ್ಪುಗಳು, ಥರ್ಮೋಸ್ಟಾಟು, ಮುಚ್ಚಳ ಎಲ್ಲ ಹೊಸದು. ಥರ್ಮೋಸ್ಟಾಟ್ 82 ಡಿಗ್ರಿಯದೇ, ಹಾಕೋ ಮುಂಚೆ ಪಾತ್ರೇಲಿ ನೀರು ಕಾಯಿಸಿ ಯಾವಾಗ ತೆರೆಯತ್ತೆ ಅಂತ ನೋಡಿದ್ವಿ. ಥರ್ಮೋಸ್ಟಾಟ್ ಇಲ್ದೇ ಓಡಿಸಿದ್ರೆ ತಣ್ಣಗಿರತ್ತೆ ಅನ್ನೋ ಸಲಹೆ ನಮ್ಮೂರಿನ ಮೆಕ್ಯಾನಿಕ್ಕುಗಳೂ ಕೊಡ್ತಾರೆ ಇಲ್ಲಿಯವ್ರೂ ಕೊಡ್ತಾರೆ, ದಯವಿಟ್ಟು ಕೇಳ್ಬೇಡಿ, ಇಂಜಿನ್ ಸರಿಯಾದ ಶಾಖಕ್ಕೆ ಬರದೆ ಓಡಿ ಸವೆಯತ್ತೆ, ಮುಚ್ಚಿದ ರೇಡಿಯೇಟರಿಗಂತೂ ಅದರಿಂದ ಏನೂ ಆಗಲ್ಲ.

ಕೂಲೆಂಟ್ ಹಳೇ ಥರದ ನೀಲಿ, ಎಥಿಲೀನ್ ಗ್ಲೈಕಾಲ್ ಜೊತೆ ಸಿಲಿಕೇಟ್ ಇನ್ಹಿಬಿಟರ್ ಇರೋದು, ಡೀಅಯನೈಸ್ಡ್ ನೀರಿನ ಜೊತೆ ಅರ್ಧ ಅರ್ಧ. ಹೊಸ ಕಾರುಗಳ ಓಎಟಿ (ಆರ್ಗ್ಯಾನಿಕ್ ಆಸಿಡ್ ಇನ್ಹಿಬಿಟರ್ ಇರೋ) ಕೂಲೆಂಟ್ ಹೆಚ್ಚು ವರ್ಷ ಬರತ್ತೆ ನಿಜ, ಆದ್ರೆ ಹಳೇ ಬೆಸುಗೆ, ಹಳೇ ಗ್ಯಾಸ್ಕೆಟ್ ಇರೋ ಗಾಡಿಗಳಿಗೆ ಅದು ಬೇಡ ಅಂತ ಇಲ್ಲಿನ ಕ್ಲಾಸಿಕ್ ಕಾರ್ ಸಂಘಗಳು ಎಚ್ಚರಿಸಿವೆ. ನೀಲಿಯದನ್ನ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಬಣ್ಣ ಚೆನ್ನಾಗೇ ಇದೆ ಅಂತ ಬಿಡೋ ಹಾಗಿಲ್ಲ, ಹಿಮ ತಡೆಯೋ ಶಕ್ತಿ ಉಳಿದಿರತ್ತೆ, ತುಕ್ಕು ತಡೆಯೋ ಶಕ್ತಿ ಮುಗಿದಿರತ್ತೆ.

ತುಂಬಿಸೋದೇ ಒಂದು ಕೆಲಸ. ಗಾಡಿ ಮೂತಿ ಮೇಲಕ್ಕಿರೋ ಹಾಗೆ ಇಳಿಜಾರಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ಎಲ್ಲಕ್ಕಿಂತ ಎತ್ತರದಲ್ಲಿರೋ ಫಿಲ್ಲರ್ ಪ್ಲಗ್‌ನಿಂದ ಸಣ್ಣ ಧಾರೇಲಿ ಹಾಕ್ತಾ ಹೋಸುಗಳನ್ನ ಕೈಯಲ್ಲಿ ಹಿಸುಕ್ತಾ ಇದ್ವಿ, ಗುಳುಗುಳು ಅಂತ ಗಾಳಿ ಬಂದಹಾಗೆಲ್ಲ ಇನ್ನಷ್ಟು ಹೋಗತ್ತೆ. ಹತ್ತು ಲೀಟರಿನ ಹತ್ತಿರ ಹಿಡಿಯೋ ಸಿಸ್ಟಮ್ಮು, ಹಾಕಿದ್ದನ್ನ ಅಳೆದು ಇಟ್ಕೊಳ್ಳಿ, ಕಮ್ಮಿ ಹೋಗಿದೆ ಅಂದ್ರೆ ಒಳಗೆ ಗಾಳಿ ಇದೆ ಅಂತಾನೇ. ಆಮೇಲೆ ಸ್ಟಾರ್ಟ್ ಮಾಡಿ ಹೀಟರ್ ಬಿಸಿ ಗಾಳಿ ಕೊಡೋವರೆಗೂ ಕಾದು, ಪೂರ್ತಿ ತಣ್ಣಗಾಗೋಕೆ ಬಿಟ್ಟು, ಮಾರನೇ ಬೆಳಿಗ್ಗೆ ಮತ್ತೆ ಮಟ್ಟ ನೋಡಿದ್ರೆ ಇಳಿದೇ ಇತ್ತು, ಅದು ಸಹಜ, ತುಂಬಿಸಿ ಮತ್ತೆ ಅದೇ ಮಾಡಿದ್ವಿ, ಇಳಿಯೋದು ನಿಲ್ಲೋವರೆಗೂ.

ಆಮೇಲೆ ಬಿಸಿಲಿರೋ ದಿನ ನೋಡಿ ಅದೇ ಮೋಟರ್‌ವೇಗೆ ಹೋದ್ವಿ. ಮುಳ್ಳು ಅರ್ಧ ಬಿಟ್ಟು ಅಲ್ಲಾಡಲಿಲ್ಲ. ವಿ8 ಸದ್ದು ಕೇಳ್ತಾ ಓವರ್‌ಡ್ರೈವ್‌ನಲ್ಲಿ ಹೋಗೋ ಸುಖಾನೇ ಬೇರೆ, ಆ ಸದ್ದು ಬೇರೆ ಯಾವ ಇಂಜಿನ್ನಿಗೂ ಇಲ್ಲ. ಎಷ್ಟೋ ಸ್ಟ್ಯಾಗ್‌ಗಳಿಗೆ ಜನ ರೋವರ್ ವಿ8, ಫೋರ್ಡ್ ವಿ6 ಹಾಕ್ಸಿದ್ರು, ಆ ಕಾಲಕ್ಕೆ ಅವರ ಕಷ್ಟ ಅವರಿಗೆ. ಆದ್ರೆ ಇವತ್ತು ಬಿಡಿಭಾಗ ಸಿಗತ್ತೆ, ಮಾಲೀಕರ ಕ್ಲಬ್ಬು ಗಟ್ಟಿ ಇದೆ, ಗೊತ್ತಿರೋರು ಇದಾರೆ, ಈಗ ಆ ಇಂಜಿನ್ ಕಿತ್ತು ಹಾಕೋಕೆ ನನಗಂತೂ ಒಂದು ಕಾರಣಾನೂ ಕಾಣಲ್ಲ.

ಈಗ ಸ್ನೇಹಿತ ಪ್ರತಿ ಸಲ ಹೊರಡೋ ಮುಂಚೆ, ಇಂಜಿನ್ ತಣ್ಣಗಿರುವಾಗ, ಮಟ್ಟ ನೋಡ್ತಾನೆ. ಮಟ್ಟ ಇಳಿದ್ರೆ ಕೂಗೋ ಒಂದು ಅಲಾರಂ ಕೂರಿಸಿದೀವಿ, ಸೆನ್ಸರು ಸಿಸ್ಟಮ್ಮಿನ ಮೇಲ್ಭಾಗದಲ್ಲಿ ನೀರು ಮುಟ್ಟದೇ ಹೋದ ತಕ್ಷಣ ಹೇಳತ್ತೆ, ಬಿಸಿ ಆಗೋಕೆ ಮುಂಚೇನೇ, ಸ್ಟ್ಯಾಗ್‌ಗೆ ಹಾಕೋ ಮಾಡರ್ನ್ ಸಾಮಾನುಗಳಲ್ಲಿ ನಾನು ಕಣ್ಣುಮುಚ್ಚಿ ಸಲಹೆ ಕೊಡೋದು ಇದೊಂದನ್ನೇ. ಮೊದಲ ತಿಂಗಳುಗಳಲ್ಲಿ ಕೂಲೆಂಟ್ ಬಣ್ಣದ ಮೇಲೆ ಕಣ್ಣಿಟ್ಟಿದೀವಿ, ಕಂದು ತಿರುಗಿದ್ರೆ ಇನ್ನೊಂದು ಸಲ ಬಸಿಯೋದು, ಯಾಕಂದ್ರೆ ಹಳೇ ಬ್ಲಾಕಿನ ಮೂಲೆಗಳಲ್ಲಿ ಉಳಿದ ಕೆಸರು ಹೊಸ ಕೂಲೆಂಟಿಗೆ ಬಿಟ್ಕೊಂಡು ಹೊಸ ಕೋರಿಗೇ ಹೋಗತ್ತೆ. ಮುಂದಿನ ಕೆಲಸ ಟೈಮಿಂಗ್ ಚೈನು, ಅಂದ್ರೆ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯೋ ಹಾಗೆ ನೋಡ್ಕೊಳ್ಳೋ ಚೈನು. ಎರಡೂ ಒಂದೆಳೆ ಚೈನುಗಳು, ಉದ್ದ ಜಾಸ್ತಿ, 25ರಿಂದ 30 ಸಾವಿರ ಮೈಲಿಗೆ ಬದಲಾಯಿಸ್ಬೇಕು, ಈ ಗಾಡಿಗೆ ಯಾವಾಗ ಹಾಕಿದ್ರು ಅನ್ನೋ ಬಿಲ್ಲು ಫೈಲಲ್ಲಿ ಇಲ್ಲ, ಹಂಗಾಗಿ ಈ ಚಳಿಗಾಲದಲ್ಲೇ ರೇಡಿಯೇಟರ್ ಮತ್ತೆ ಇಳಿಸಿ ಮುಂದಿನ ಕವರ್ ತೆಗೀತೀವಿ, ಕೂಲೆಂಟ್ ಹೆಂಗೂ ಬಸೀಬೇಕಲ್ಲ, ಆಗ ಒಳಗೆ ಎಷ್ಟು ಕ್ಲೀನಾಗಿದೆ ಅಂತಾನೂ ಗೊತ್ತಾಗತ್ತೆ.